ಯಂತ್ರದ ಮುಖಭಾವ ಮತ್ತು ಅದರ ಸತ್ಯ



ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಬೆಸುಗೆ ಹಾಕುವ ರೋಬೋಟಿಗೆ ಮುಖ ಬೇಕಿಲ್ಲ. ಅದರ ವ್ಯವಹಾರವೆಲ್ಲ ಲೋಹದೊಂದಿಗೆ. ವೃದ್ಧರ ಜೊತೆಗಿರಲು, ಮಕ್ಕಳಿಗೆ ಅಕ್ಷರ ಕಲಿಸಲು, ಆಸ್ಪತ್ರೆಯ ಬಾಗಿಲಲ್ಲಿ ಬಂದವರನ್ನು ವಿಚಾರಿಸಲು ಮಾಡಿದ ರೋಬೋಟಿನ ಸಂಗತಿ ಬೇರೆ. ಅದು ಮನುಷ್ಯರ ನಡುವೆ ನಿಂತು ಮನುಷ್ಯರೊಂದಿಗೇ ವ್ಯವಹರಿಸಬೇಕು. ಇಂಥವನ್ನು ಸಾಮಾಜಿಕ ರೋಬೋಟುಗಳೆಂದು ಕರೆಯುವುದು ರೂಢಿ. ಇವಕ್ಕೆ ಹುಬ್ಬು, ರೆಪ್ಪೆ, ತುಟಿ, ಕತ್ತಿನ ಚಲನೆ, ದನಿಯ ಏರಿಳಿತಗಳನ್ನು ಕೊಟ್ಟು ಸಂತೋಷ, ದುಃಖ, ಕುತೂಹಲ, ಭಯಗಳನ್ನು ತೋರಿಸುವಂತೆ ಮಾಡುತ್ತಾರೆ. ಯಾವಾಗ, ಎಷ್ಟು, ಹೇಗೆ ತೋರಿಸಬೇಕು ಎಂಬುದನ್ನು ಲೆಕ್ಕದ ನಿಯಮಗಳಲ್ಲಿ ಕಟ್ಟುವುದೇ ಭಾವಾಭಿವ್ಯಕ್ತಿಯ ಮಾದರಿ ರಚಿಸುವ ವಿದ್ಯೆ. ಇಂದು ನಿಮ್ಮ ಮುಂದಿಡುವ ವಾದ ಒಂದೇ. ಯಂತ್ರದ ಮುಖ ಮನುಷ್ಯನ ಮುಖವನ್ನು ಎಷ್ಟು ಹೋಲುತ್ತದೆ ಎಂಬುದು ಈ ವಿದ್ಯೆಯ ಅಳತೆಗೋಲಾಗಬಾರದು. ಮುಖಭಾವವೆಂದರೆ ಎದುರಿನವರಿಗೆ ಹೇಳಿದ ಮಾತು. ಮಾತಿಗೆ ಇರುವ ಸತ್ಯದ ಹೊಣೆ ಅದಕ್ಕೂ ಇದೆ. ಆದ್ದರಿಂದ ಯಂತ್ರ ತೋರಿಸುವ ಪ್ರತಿಯೊಂದು ಭಾವದ ಹಿಂದೆಯೂ ಆ ಯಂತ್ರದ್ದೇ ಆದ, ಪರೀಕ್ಷಿಸಿ ನೋಡಬಹುದಾದ ಒಂದು ಸ್ಥಿತಿ ಇರಬೇಕು.

ಮುಖವನ್ನು ಅಳೆದು ಬರೆದಿಡುವ ಪ್ರಯತ್ನಕ್ಕೆ ದೊಡ್ಡ ಇತಿಹಾಸವಿದೆ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ಒಂದೊಂದೂ ಯಾವ ಭಾವಕ್ಕೆ ಸಂಬಂಧಿಸಿದ್ದೆಂದು ತೋರಿಸಲು ಯತ್ನಿಸಿದ. ತುಟಿಯ ಅಂಚನ್ನು ಮೇಲೆಳೆಯುವ ಸ್ನಾಯು ನಮ್ಮ ಇಚ್ಛೆಗೆ ಒಳಪಡುತ್ತದೆ, ಕಣ್ಣಿನ ಸುತ್ತಲ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂಬುದು ಅವನ ಪ್ರಸಿದ್ಧ ನಿರ್ಣಯ. ಹತ್ತು ವರ್ಷಗಳ ಬಳಿಕ, 1872ರಲ್ಲಿ, ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಮೇಲೆ ಬರೆದ ಪುಸ್ತಕ ಈ ವಿಷಯವನ್ನು ವಿಕಾಸವಾದದ ಅಂಗಳಕ್ಕೆ ತಂದಿತು. ಇಪ್ಪತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಛಾಯಾಚಿತ್ರಗಳನ್ನಿಟ್ಟುಕೊಂಡು ಅಧ್ಯಯನ ನಡೆಸಿ, ಕೆಲವು ಮೂಲ ಭಾವಗಳ ಮುಖಚಿಹ್ನೆ ಎಲ್ಲ ಮಾನವರಲ್ಲೂ ಒಂದೇ ಎಂದು ವಾದಿಸಿದರು. ಅವರೂ ಸಹೋದ್ಯೋಗಿ ಫ್ರೀಸನ್ ಅವರೂ ಸೇರಿ 1978ರಲ್ಲಿ ಮುಖದ ಪ್ರತಿಯೊಂದು ಗೋಚರ ಚಲನೆಗೂ ಸಂಖ್ಯೆ ಕೊಟ್ಟ ಸಂಕೇತ ಪದ್ಧತಿಯೊಂದನ್ನು ಹೊರತಂದರು. ಅದರಲ್ಲಿ ಹುಬ್ಬು ಗಂಟಿಕ್ಕುವುದು 4, ಕೆನ್ನೆ ಏರುವುದು 6, ತುಟಿಯಂಚು ಮೇಲೇಳುವುದು 12. ಆರೂ ಹನ್ನೆರಡೂ ಸೇರಿದರೆ ಡುಶೆನ್ ಹೇಳಿದ ಮನಸಾರೆಯ ನಗು.

ರೋಬೋಟು ಕಟ್ಟುವವರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೆ ಸಿಗುತ್ತಿರಲಿಲ್ಲ. ಸಂಖ್ಯೆಗೊಂದು ಮೋಟಾರು ಜೋಡಿಸಿದರೆ ಭಾವ ಸಿದ್ಧ. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಖದ ಚಲನೆಯನ್ನು ವರ್ಣಿಸಲು ಅದಕ್ಕಿಂತ ನಿಖರವಾದ ಭಾಷೆ ನಮ್ಮಲ್ಲಿಲ್ಲ. ಆದರೆ ಚಲನೆಯನ್ನು ವರ್ಣಿಸುವುದು ಒಂದು ಕೆಲಸ, ಆ ಚಲನೆಗೆ ಇಂಥದೇ ಅರ್ಥವೆಂದು ತೀರ್ಮಾನಿಸುವುದು ಇನ್ನೊಂದು. ಎರಡನೆಯದರ ಬಗ್ಗೆ ಮನಶ್ಶಾಸ್ತ್ರದಲ್ಲೇ ಒಮ್ಮತವಿಲ್ಲ. ಅಲನ್ ಫ್ರಿಡ್ಲಂಡ್ ತೊಂಬತ್ತರ ದಶಕದಲ್ಲೇ, ಮುಖಭಾವ ಒಳಗಿನ ಭಾವದ ಕಿಟಕಿಯಲ್ಲ, ಎದುರಿನವರನ್ನು ಉದ್ದೇಶಿಸಿದ ಸೂಚನೆ ಎಂದು ಪ್ರತಿಪಾದಿಸಿದರು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿದ್ವಾಂಸರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವರಲ್ಲಿ ಕಂಪ್ಯೂಟರ್ ದೃಷ್ಟಿಯ ಮೇಲೆ ಕೆಲಸ ಮಾಡುವವರೂ ಇದ್ದರು, ಪರಸ್ಪರ ಒಪ್ಪದ ಪಂಥಗಳವರೂ ಇದ್ದರು. ಅವರಿಗೆ ಕಂಡದ್ದು ಇಷ್ಟು: ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ನೂರರಲ್ಲಿ ಮೂವತ್ತಕ್ಕಿಂತ ಕಡಿಮೆ ಸಲ. ಉಳಿದ ಸಲ ಅವರು ಸುಮ್ಮನಿರುತ್ತಾರೆ, ಅಳುತ್ತಾರೆ, ನಗಲೂ ಬಹುದು. ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ಲೆಕ್ಕ ಬಿಡಿಸುವ ಹುಡುಗನ ಹುಬ್ಬೂ ಗಂಟಿಕ್ಕಿರುತ್ತದೆ.

ಈ ಮಾತು ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಅಪರಿಚಿತವಲ್ಲ. ಭಾವವನ್ನು ತೋರಿಸುವ ಬಗೆಯನ್ನು ಅತ್ಯಂತ ವಿವರವಾಗಿ ವಿಂಗಡಿಸಿದ ಪ್ರಾಚೀನ ಗ್ರಂಥಗಳಲ್ಲಿ ಭರತನ ನಾಟ್ಯಶಾಸ್ತ್ರಕ್ಕೆ ಸಾಟಿಯಿಲ್ಲ. ಅದು ಮೂವತ್ತಾರು ದೃಷ್ಟಿಗಳನ್ನೂ ಏಳು ಹುಬ್ಬಿನ ಚಲನೆಗಳನ್ನೂ ಹೆಸರಿಸುತ್ತದೆ. ಎಕ್ಮನ್ನರ ಸಂಕೇತ ಪಟ್ಟಿಯ ಪಕ್ಕದಲ್ಲಿಟ್ಟು ಓದಲು ತಕ್ಕದ್ದು. ಆದರೆ ಭರತ ಪಟ್ಟಿಯಲ್ಲಿ ನಿಲ್ಲುವುದಿಲ್ಲ. ಹೊರಗೆ ಕಾಣುವ ಚಿಹ್ನೆಯಾದ ಅನುಭಾವವೊಂದರಿಂದಲೇ ರಸ ಹುಟ್ಟದು. ಭಾವಕ್ಕೆ ಕಾರಣವಾದ ವಿಭಾವವೂ ಬಂದುಹೋಗುವ ಸಂಚಾರಿಗಳೂ ಕೂಡಬೇಕು ಎಂಬುದು ಅವನ ಮೂಲ ಸೂತ್ರದ ತಾತ್ಪರ್ಯ. ಕಣ್ಣೀರಿನ ವಿಷಯವನ್ನೇ ನೋಡಿ. ಅದಕ್ಕೆ ಆನಂದ, ಶೋಕ, ಭಯಗಳ ಜೊತೆಗೆ ಹೊಗೆ, ಕಾಡಿಗೆ, ಆಕಳಿಕೆಗಳನ್ನೂ ಆ ಗ್ರಂಥ ಕಾರಣವಾಗಿ ಹೇಳುತ್ತದೆ. ಒಂದೇ ಚಿಹ್ನೆ, ಹಲವು ಕಾರಣ. ಕಾರಣ ಗೊತ್ತಿಲ್ಲದೆ ಕಣ್ಣೀರು ಏನನ್ನೂ ಹೇಳುವುದಿಲ್ಲ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಷ್ಟು ಹಿಂದೆಯೇ ಈ ವಿಚಾರವನ್ನೆಲ್ಲ ಕನ್ನಡದಲ್ಲಿ ತಿಳಿಯಾಗಿ ವಿವರಿಸಿದೆ. ಭರತನಿಗೆ ರೋಬೋಟು ಗೊತ್ತಿತ್ತೆಂದು ಹೇಳುವ ಹುರುಪು ನನಗಿಲ್ಲ, ಅದು ಅವನಿಗೆ ಗೌರವವೂ ಅಲ್ಲ. ಅವನ ಚೌಕಟ್ಟು ರಂಗಕ್ಕೆ ಸಂಬಂಧಿಸಿದ್ದು. ಅಲ್ಲಿ ಪ್ರೇಕ್ಷಕನಿಗೆ ಕಥೆ ಗೊತ್ತಿರುತ್ತದೆ. ನಮ್ಮ ವಿಷಯಕ್ಕೆ ಅದರಿಂದ ದೊರೆಯುವುದು ಒಂದು ಖಚಿತವಾದ ಎಚ್ಚರಿಕೆ: ಅನುಭಾವಗಳ ಪಟ್ಟಿಯನ್ನು ಯಂತ್ರಕ್ಕೆ ತುಂಬಿ ವಿಭಾವವನ್ನು ಬಿಟ್ಟರೆ ಉಳಿಯುವುದು ಮುಖದ ಕಸರತ್ತು ಮಾತ್ರ.

ಹಾಗಾದರೆ ಯಂತ್ರಕ್ಕೆ ವಿಭಾವ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ನನಗೆ ತಿಳಿದಂತೆ ಅತ್ಯುತ್ತಮ ಉತ್ತರ ಇಂದಿನ ಹೊಳೆಯುವ ಯಂತ್ರಗಳಲ್ಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಂಥಿಯಾ ಬ್ರೆಜೀಲ್ ಕಟ್ಟಿದ ಕಿಸ್ಮೆಟ್‌ನಲ್ಲಿದೆ. ಅದು ಮೇಜಿನ ಮೇಲೆ ಕುಳಿತ ಒಂದು ತಲೆ ಮಾತ್ರ. ಚರ್ಮವಿಲ್ಲ, ಲೋಹದ ಭಾಗಗಳೆಲ್ಲ ಕಾಣುತ್ತವೆ. ದೊಡ್ಡ ನೀಲಿ ಕಣ್ಣು, ಕೆಂಪು ತುಟಿ, ಪ್ರಾಣಿಯಂತೆ ನಿಮಿರುವ ಕಿವಿ. ಮನುಷ್ಯನೆಂದು ಯಾರೂ ಭ್ರಮಿಸುವಂತಿರಲಿಲ್ಲ. ಅದರೊಳಗೆ ಮೂರು ಅಗತ್ಯಗಳನ್ನು ಇಡಲಾಗಿತ್ತು: ಜನರ ಸಂಗ, ಆಟಿಕೆಗಳಂಥ ವಸ್ತುಗಳಿಂದ ಬರುವ ಪ್ರಚೋದನೆ, ವಿಶ್ರಾಂತಿ. ಯಾವುದೇ ಅಗತ್ಯ ಪೂರೈಸದೆ ಹೋದರೂ, ಅತಿಯಾಗಿ ಪೂರೈಸಿದರೂ ಅದರ ಒಳಸ್ಥಿತಿ ಬದಲಾಗುತ್ತಿತ್ತು. ಆ ಒಳಸ್ಥಿತಿಯನ್ನು ಮೂರು ಅಕ್ಷಗಳಲ್ಲಿ ಗುರುತಿಸಿದ್ದರು: ಉದ್ರೇಕ ಎಷ್ಟು, ಹಿತವೋ ಅಹಿತವೋ, ಎದುರಿನದಕ್ಕೆ ತೆರೆದುಕೊಂಡಿದೆಯೋ ಹಿಂಜರಿಯುತ್ತಿದೆಯೋ. ಮುಖ ಈ ಮೂರರ ನಡುವಿನ ಒಂದು ಬಿಂದುವಾಗಿ ಕ್ಷಣಕ್ಷಣಕ್ಕೂ ಜಾರುತ್ತಿತ್ತು. ಆದ್ದರಿಂದ ಸಂತೋಷದಿಂದ ಭಯಕ್ಕೆ ಹೋಗುವಾಗ ನಡುವಿನ ಮುಖಗಳೂ ತಾವಾಗಿಯೇ ಮೂಡುತ್ತಿದ್ದವು. ರೆಡಿಮೇಡ್ ಮುಖವಾಡಗಳನ್ನು ಒಂದಾದ ಮೇಲೊಂದು ತೊಡಿಸುವ ಕ್ರಮಕ್ಕೂ ಇದಕ್ಕೂ ಅಜಗಜಾಂತರ.

ಇನ್ನೂ ಮುಖ್ಯವಾದದ್ದು ಈ ಮುಖಭಾವಗಳು ಮಾಡುತ್ತಿದ್ದ ಕೆಲಸ. ಯಾರಾದರೂ ತೀರ ಹತ್ತಿರ ಬಂದರೆ ಕಿಸ್ಮೆಟ್ ಕತ್ತು ಹಿಂದೆಳೆದುಕೊಳ್ಳುತ್ತಿತ್ತು. ಜನ ತಮಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಷ್ಟು ಸರಿದರೆ ಅದರ ಕ್ಯಾಮೆರಾಗಳಿಗೆ ಅವರ ಮುಖ ಸರಿಯಾಗಿ ಕಾಣುತ್ತಿತ್ತು. ಆಟಿಕೆಯನ್ನು ಮೂಗಿನ ಮುಂದೆ ರಭಸವಾಗಿ ಆಡಿಸಿದರೆ ಅದು ಮುಖ ಸಿಂಡರಿಸುತ್ತಿತ್ತು. ಆಡಿಸುವವರು ನಿಧಾನಿಸುತ್ತಿದ್ದರು, ಅಷ್ಟರಲ್ಲಿ ಅದರ ದೃಷ್ಟಿವ್ಯವಸ್ಥೆಗೆ ವಸ್ತುವನ್ನು ಹಿಂಬಾಲಿಸಲು ಸಾಧ್ಯವಾಗುತ್ತಿತ್ತು. ದನಿಯ ವಿಷಯದಲ್ಲೂ ಅದೇ ವಿವೇಕ. ಅದಕ್ಕೆ ಪದಗಳ ಅರ್ಥ ತಿಳಿಯುತ್ತಿರಲಿಲ್ಲ. ತಾಯಂದಿರು ಕೂಸಿನೊಂದಿಗೆ ಆಡುವ ದನಿಯ ಮೇಲಿನ ಅಧ್ಯಯನಗಳನ್ನು ಆಧರಿಸಿ ಮೆಚ್ಚುಗೆ, ಗದರಿಕೆ, ಗಮನ ಸೆಳೆಯುವುದು, ಸಂತೈಸುವುದು ಎಂಬ ನಾಲ್ಕನ್ನು ಸ್ವರದ ಏರಿಳಿತ ಮತ್ತು ಬಲದಿಂದಷ್ಟೇ ಗುರುತಿಸುವಂತೆ ಮಾಡಿದ್ದರು. ಬೇರೆ ಬೇರೆ ಭಾಷೆಯ ಹೆಂಗಸರು ಅದನ್ನು ಮಾತಾಡಿಸಿದಾಗಲೂ ಅದು ತಕ್ಕ ಮುಖದಿಂದ ಉತ್ತರಿಸಿತು. ಇಲ್ಲಿ ಗಮನಿಸಬೇಕಾದ ತತ್ತ್ವವಿದೆ. ಕಿಸ್ಮೆಟ್‌ನ ‘ಸಾಕು’ ಎಂಬ ಮುಖಕ್ಕೆ ಯಂತ್ರದಲ್ಲಿ ಒಂದು ನಿಜವಾದ ಆಧಾರವಿತ್ತು: ಅದರ ಕಣ್ಣಿಗೆ ನಿಜವಾಗಿಯೂ ಸಾಕಾಗಿತ್ತು. ಅದು ನೋವುಂಡಿತೆಂದು ನಾನು ಹೇಳುತ್ತಿಲ್ಲ. ತನ್ನ ಮಿತಿಯನ್ನು ಅದು ಮನುಷ್ಯರಿಗೆ ತಟ್ಟನೆ ತಿಳಿಯುವ ರೀತಿಯಲ್ಲಿ ಹೇಳಿತು, ಹೇಳಿದ್ದು ನಿಜವಾಗಿತ್ತು.

ಹೋಲಿಕೆಯೇ ಗುರಿಯೆನ್ನುವವರಿಗೆ ಜಪಾನಿನ ರೋಬೋಟು ತಜ್ಞ ಮಸಾಹಿರೊ ಮೋರಿ 1970ರಲ್ಲೇ ಲೇಖನವೊಂದರಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಯಂತ್ರ ಮನುಷ್ಯನಿಗೆ ಹತ್ತಿರವಾದಂತೆ ಅದರ ಮೇಲಿನ ಆಪ್ತತೆ ಏರುತ್ತ ಹೋಗಿ, ಬಹುಪಾಲು ಹೋಲುವ ಹಂತದಲ್ಲಿ ಥಟ್ಟನೆ ಕುಸಿದು ಹೆದರಿಕೆ, ಹೇಸಿಗೆಗಳ ಕಣಿವೆಗೆ ಬೀಳುತ್ತದೆ ಎಂದರು. ಚಲನೆ ಸೇರಿದರೆ ಆ ಕಣಿವೆ ಇನ್ನೂ ಆಳ. ತಂತ್ರಜ್ಞಾನ ಬೆಳೆದಂತೆ ಕಣಿವೆಯನ್ನು ದಾಟಬಹುದಲ್ಲ ಎಂಬ ಆಕ್ಷೇಪ ಇದೆ. ಹಿರೋಶಿ ಇಶಿಗುರೊ 2006ರಲ್ಲಿ ತಮ್ಮದೇ ಪ್ರತಿರೂಪದ ರೋಬೋಟನ್ನು ಕಟ್ಟಿ ಆ ದಿಕ್ಕಿನಲ್ಲಿ ಬಹಳ ದೂರ ಹೋದರು. ಆದರೆ 1970ರ ಅದೇ ಲೇಖನದಲ್ಲಿ ಮೋರಿ ಜಪಾನಿನ ಸಾಂಪ್ರದಾಯಿಕ ಬೊಂಬೆಯಾಟವಾದ ಬುನ್ರಾಕುವಿನ ಬೊಂಬೆಯನ್ನು ಕಣಿವೆಯ ಆಚೆಯ ಎತ್ತರದಲ್ಲಿ ನಿಲ್ಲಿಸಿದ್ದನ್ನು ಮರೆಯಬಾರದು. ಆ ಬೊಂಬೆ ಆಕಾರದಲ್ಲಾಗಲಿ ಚರ್ಮದಲ್ಲಾಗಲಿ ಮನುಷ್ಯನಂತಿಲ್ಲ. ನಮ್ಮ ಸೂತ್ರದ ಗೊಂಬೆಯ ಮುಖವಂತೂ ಅಲುಗುವುದೇ ಇಲ್ಲ, ಆದರೂ ಅದರ ದುಃಖ ನೋಡುಗರಿಗೆ ಮುಟ್ಟುತ್ತದೆ. ಮುಟ್ಟಿಸುವುದು ಚಲನೆಯ ಲಯ, ನಿಲುಗಡೆ, ಹೊತ್ತು. ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ಅಂತರ ಸರಾಸರಿ 200 ಮಿಲಿಸೆಕೆಂಡುಗಳ ಆಸುಪಾಸು ಎಂದು ಹತ್ತು ಭಾಷೆಗಳನ್ನು ಹೋಲಿಸಿದ ಅಧ್ಯಯನವೊಂದು 2009ರಲ್ಲಿ ತೋರಿಸಿತು. ಯಂತ್ರ ಮಾತನ್ನು ಗುರುತಿಸಿ, ಉತ್ತರ ಹುಡುಕಿ, ದನಿ ಕಟ್ಟುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಆ ಖಾಲಿ ಜಾಗದಲ್ಲಿ ಅದು ಕಣ್ಣನ್ನು ಪಕ್ಕಕ್ಕೆ ತಿರುಗಿಸಿ ‘ಯೋಚಿಸುತ್ತಿದ್ದೇನೆ’ ಎಂಬಂತೆ ನಿಂತರೆ ಎದುರಿನವರು ಕಾಯುತ್ತಾರೆ. ಈ ಮುಖ ಕೂಡ ನಿಜ, ಏಕೆಂದರೆ ಲೆಕ್ಕಾಚಾರ ಆಗ ನಡೆಯುತ್ತಲೇ ಇರುತ್ತದೆ. ಸಿಲಿಕೋನ್ ಚರ್ಮದ ಮೇಲೆ ಖರ್ಚು ಮಾಡುವ ಶ್ರಮದ ಒಂದು ಪಾಲನ್ನು ಈ ಹೊತ್ತಿನ ಲೆಕ್ಕದ ಮೇಲೆ ಇಟ್ಟರೆ ಹೆಚ್ಚು ಫಲ ಸಿಕ್ಕೀತು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಯಂತ್ರಕ್ಕೆ ಭಾವವೇ ಇಲ್ಲದಿರುವಾಗ ಅದು ತೋರಿಸುವುದೆಲ್ಲ ಸುಳ್ಳೇ ಅಲ್ಲವೇ? ಭಾವವಿಲ್ಲದ ತೋರಿಕೆಯೆಲ್ಲ ವಂಚನೆಯೆಂದರೆ ನಟನೆಯೂ ವಂಚನೆಯಾಗಬೇಕು. ಮಹಾನಟ ವೇದಿಕೆಯ ಮೇಲೆ ಭಾವುಕನಾಗದೆ ತಣ್ಣಗಿರುತ್ತಾನೆ ಎಂದು ಹದಿನೆಂಟನೆಯ ಶತಮಾನದಲ್ಲೇ ಫ್ರಾನ್ಸಿನ ಚಿಂತಕ ದಿದೆರೊ ವಾದಿಸಿದ್ದ. ನಾವು ನಟನನ್ನು ಸುಳ್ಳುಗಾರ ಎನ್ನುವುದಿಲ್ಲ, ಏಕೆಂದರೆ ರಂಗದ ಕರಾರು ಇಬ್ಬರಿಗೂ ಗೊತ್ತು. ಆದರೆ ಈ ಸಮಾಧಾನವನ್ನು ರೋಬೋಟಿಗೆ ಹಾಗೆಯೇ ಕೊಡಲು ನಾನು ಸಿದ್ಧನಿಲ್ಲ. ವೃದ್ಧಾಶ್ರಮದ ಕೋಣೆಯಲ್ಲಿ ಪರದೆ ಇಲ್ಲ, ನಾಟಕ ಮುಗಿಯುವ ಹೊತ್ತೂ ಇಲ್ಲ. ಜೊತೆಗೆ, ಮನುಷ್ಯರು ಚಲಿಸುವುದರಲ್ಲೆಲ್ಲ ಮನಸ್ಸನ್ನು ಕಾಣುತ್ತಾರೆ. 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಹೈಡರ್ ಮತ್ತು ಸಿಮೆಲ್ ಎರಡು ತ್ರಿಕೋನ ಮತ್ತು ಒಂದು ವೃತ್ತ ಓಡಾಡುವ ಪುಟ್ಟ ಚಲನಚಿತ್ರ ತೋರಿಸಿದಾಗ ನೋಡಿದವರು ಅದರಲ್ಲಿ ಜಗಳ, ಹೆದರಿಕೆ, ರಕ್ಷಣೆಗಳ ಕಥೆಯನ್ನೇ ಕಂಡರು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಬರೆದ ಎಲೈಜಾ ಎಂಬ ಪ್ರೋಗ್ರಾಮು ಜನ ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು, ಅಷ್ಟೇ. ಜನ ಅದರ ಮುಂದೆ ಅಂತರಂಗ ತೋಡಿಕೊಂಡದ್ದು ಕಂಡು ವೈಜೆನ್‌ಬಾಮ್ ಅವರೇ ಗಾಬರಿಯಾದರು. ‘ಇದು ಯಂತ್ರವೆಂದು ಗೊತ್ತಿದೆಯಲ್ಲ’ ಎಂದು ಹೊಣೆಯನ್ನು ಬಳಕೆದಾರರ ಮೇಲೆ ಹಾಕುವಂತಿಲ್ಲ. ಗೊತ್ತಿದ್ದರೂ ನಂಬುವುದು ನಮ್ಮ ಸ್ವಭಾವ. ಹಾಗಾಗಿ ಹೊಣೆ ಕಟ್ಟುವವರದು. ಬ್ಯಾಟರಿ ಇಳಿದಾಗ ದಣಿದ ಮುಖ, ಮಾತು ತಿಳಿಯದಾಗ ಗೊಂದಲದ ಮುಖ, ಹುಡುಕಿದ ವ್ಯಕ್ತಿ ಎದುರಾದಾಗ ಗೆಲುವಿನ ಮುಖ: ಇವುಗಳ ಹಿಂದೆ ಸ್ಥಿತಿಯಿದೆ. ‘ನೀನಿಲ್ಲದೆ ನನಗೆ ಬೇಸರ’ ಎಂಬ ಮುಖದ ಹಿಂದೆ ಏನಿದೆ? ಕಂಪನಿಯ ಮಾಸಿಕ ಚಂದಾ ಇದ್ದರೆ, ಅದು ಸುಳ್ಳು.

ನೆಮ್ಮದಿ ಸಿಗುವುದಾದರೆ ಸತ್ಯದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ, ಅವರ ಕಾಳಜಿ ಪ್ರಾಮಾಣಿಕವಾದದ್ದು. ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ಪಾರೊ ಎಂಬ ಜಪಾನಿ ರೋಬೋಟು ಹೆಸರು ಮಾಡಿದೆ. 2009ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಸಾಧನವೆಂಬ ಮಾನ್ಯತೆಯನ್ನೂ ಪಡೆಯಿತು. ಅದು ಸೀಲ್ ಮರಿಯ ರೂಪದಲ್ಲಿದೆ. ಬೆಕ್ಕು ನಾಯಿಗಳನ್ನು ಜನ ಹತ್ತಿರದಿಂದ ಬಲ್ಲರು, ಹೋಲಿಸಿ ನಿರಾಶರಾಗುತ್ತಾರೆ. ಸೀಲನ್ನು ಎತ್ತಿ ಆಡಿಸಿದವರು ಯಾರೂ ಇಲ್ಲ ಎಂಬುದು ಅದನ್ನು ರೂಪಿಸಿದ ತಕನೋರಿ ಶಿಬಾತ ಅವರ ಆಲೋಚನೆ. ಇದೇ ಒಂದು ಪಾಠ: ಅತ್ಯಂತ ಯಶಸ್ವಿಯಾದ ಸಾಮಾಜಿಕ ರೋಬೋಟುಗಳಲ್ಲೊಂದು ಮನುಷ್ಯನಾಗಲು ಹೋಗಲೇ ಇಲ್ಲ. ಆಸ್ಟ್ರೇಲಿಯಾದ 28 ಆರೈಕೆ ಕೇಂದ್ರಗಳ 415 ನಿವಾಸಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದನ್ನು ಹೇಳುತ್ತದೆ. ಪಾರೊ ಪಡೆದವರ ಮನಃಸ್ಥಿತಿ ಸಾಮಾನ್ಯ ಆರೈಕೆಯಷ್ಟೇ ಪಡೆದವರಿಗಿಂತ ಸುಧಾರಿಸಿತು. ಆದರೆ ಚಾಲನೆ ಮಾಡದ ಅದೇ ಗೊಂಬೆಗೆ ಹೋಲಿಸಿದರೆ ಜನರನ್ನು ಮಾತಿಗೆ, ನೋಟಕ್ಕೆ ಎಳೆಯುವುದರಲ್ಲಿ ಮಾತ್ರ ಪಾರೊ ಮುಂದಿತ್ತು. ಅಂದರೆ ನೆಮ್ಮದಿಯ ಗಣನೀಯ ಪಾಲು ಮೃದುವಾದ ಒಂದು ವಸ್ತುವನ್ನು ಮಡಿಲಲ್ಲಿಟ್ಟುಕೊಂಡದ್ದರಿಂದಲೇ ಬಂದಿರಬಹುದು. ನೆಮ್ಮದಿಗೆ ಹುಸಿ ಪ್ರೀತಿಯ ನಟನೆ ಅನಿವಾರ್ಯವೆಂದು ಇದರಿಂದ ಸಿದ್ಧವಾಗುವುದಿಲ್ಲ. ಇನ್ನೊಂದು ಬದಿಯೂ ಇದೆ. ಮನೆಮಂದಿಯಂತೆ ಬೆರೆಯಲೆಂದೇ ಮಾಡಿದ ಜೀಬೊ ಎಂಬ ರೋಬೋಟು 2019ರಲ್ಲಿ, ತನ್ನನ್ನು ನಡೆಸುವ ಸರ್ವರುಗಳು ನಿಲ್ಲಲಿವೆ ಎಂದು ಮಾಲೀಕರಿಗೆ ತಾನೇ ವಿದಾಯ ಹೇಳಿತು. ಬಂಧವನ್ನು ಬೆಳೆಸಿದವರು ಬಂಧದ ಕೊನೆಗೂ ಉತ್ತರ ಹೇಳಬೇಕಾಗುತ್ತದೆ.

ಕೊನೆಯ ಆಕ್ಷೇಪ ಇಂದಿನ ದಿನಮಾನದ್ದು. ಸಿದ್ಧಾಂತವೆಲ್ಲ ಹಳೆಯದಾಯಿತು, ಲಕ್ಷಾಂತರ ವಿಡಿಯೊಗಳನ್ನು ತೋರಿಸಿದರೆ ಯಂತ್ರ ತಾನೇ ಕಲಿಯುತ್ತದೆ ಎನ್ನುತ್ತಾರೆ. ಕಲಿಯುತ್ತದೆ, ನಿಜ, ಆದರೆ ತೋರಿಸಿದ್ದನ್ನು ಕಲಿಯುತ್ತದೆ. ಪ್ರತಿ ಚಿತ್ರಕ್ಕೂ ‘ಸಂತೋಷ’, ‘ಸಿಟ್ಟು’ ಎಂಬ ಹಣೆಪಟ್ಟಿ ಹಚ್ಚಿದವರು ಯಾರು? ಬಹಳಷ್ಟು ಸಂಗ್ರಹಗಳಲ್ಲಿ ಇರುವುದು ಬೇಕೆಂದೇ ಮಾಡಿ ತೋರಿಸಿದ ಮುಖಗಳು, ಸಂದರ್ಭದಿಂದ ಕತ್ತರಿಸಿ ತೆಗೆದವು. ಭರತನ ಭಾಷೆಯಲ್ಲಿ ಹೇಳಿದರೆ ವಿಭಾವವಿಲ್ಲದ ಅನುಭಾವಗಳು. ನಮ್ಮಲ್ಲಿ ತಲೆಯನ್ನು ಮೆಲ್ಲನೆ ಅಕ್ಕಪಕ್ಕ ವಾಲಿಸಿದರೆ ‘ಆಗಲಿ’ ಎಂದರ್ಥ. ಬೇರೆ ನಾಡಿನ ದತ್ತಾಂಶದಿಂದ ಕಲಿತ ಯಂತ್ರ ಅದನ್ನು ನಿರಾಕರಣೆಯೆಂದು ಎಣಿಸೀತು. ಕನಿಕರಕ್ಕೆ ಲೊಚಗುಟ್ಟುವುದು, ಹಿರಿಯರ ಮುಂದೆ ಕಣ್ಣು ತಗ್ಗಿಸುವುದು, ಸಂಕೋಚಕ್ಕೆ ನಗುವುದು, ಇವೆಲ್ಲ ಅಂಥ ದತ್ತಾಂಶದಲ್ಲಿ ಸಿಗಲಾರವು. ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಕೃತಕ ಬುದ್ಧಿಮತ್ತೆಯ ಕಾನೂನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಯಂತ್ರದಿಂದ ಜನರ ಭಾವವನ್ನು ಊಹಿಸುವುದನ್ನು ನಿಷೇಧಿಸಿದೆ. ಆ ನಿಷೇಧ 2025ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಇದು ಜನರ ಭಾವವನ್ನು ಓದುವುದರ ಮೇಲಿನ ನಿರ್ಬಂಧ. ಯಂತ್ರ ಭಾವ ತೋರಿಸುವುದರ ಮೇಲೆ ಇಷ್ಟೇ ಸ್ಪಷ್ಟವಾದ ಚಿಂತನೆ ಇನ್ನೂ ನಡೆಯಬೇಕಾಗಿದೆ.

ಈ ಪ್ರಶ್ನೆ ನಮ್ಮಿಂದ ದೂರದ್ದಲ್ಲ. ಬೆಂಗಳೂರಿನಲ್ಲೇ ತಯಾರಾದ ಮಿತ್ರ ಎಂಬ ರೋಬೋಟು 2017ರಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯ ವೇದಿಕೆ ಹತ್ತಿತ್ತು. ಇನ್ನು ಮುಂದೆ ಇಂಥವು ಆಸ್ಪತ್ರೆ, ಬ್ಯಾಂಕು, ಶಾಲೆಗಳಿಗೆ ಬರುವುದು ಖಚಿತ, ಕನ್ನಡದಲ್ಲಿ ಮಾತಾಡುವುದೂ ಖಚಿತ. ಅವು ಕನ್ನಡದ ಪದಗಳನ್ನು ಆಡಿ ಬೇರೆಲ್ಲಿಯದೋ ಮುಖವನ್ನು ತೊಟ್ಟಿರಬಾರದು. ನಮ್ಮ ರಂಗಕರ್ಮಿಗಳು, ಭಾಷಾಶಾಸ್ತ್ರಜ್ಞರು, ಎಂಜಿನಿಯರುಗಳು ಒಂದೇ ಮೇಜಿಗೆ ಕೂತು, ಕನ್ನಡಿಗರ ಮಾತುಕತೆಯನ್ನು ಅದರ ಸಂದರ್ಭದೊಂದಿಗೆ, ಭಾಗವಹಿಸಿದವರ ಒಪ್ಪಿಗೆಯೊಂದಿಗೆ ದಾಖಲಿಸುವ ಕೆಲಸ ಮಾಡಬೇಕು. ವಿಶ್ವವಿದ್ಯಾಲಯಗಳು ಅದಕ್ಕೆ ಹಣ ಮತ್ತು ಜಾಗ ಕೊಡಬೇಕು. ಸಂಸ್ಥೆಗಳಿಗಾಗಿ ಇಂಥ ಯಂತ್ರ ಕೊಳ್ಳುವ ಅಧಿಕಾರ ಇರುವವರು ಈ ಸಭೆಯಲ್ಲಿ ಇರಬಹುದು. ಅವರಲ್ಲಿ ನನ್ನ ಮನವಿ ಇಷ್ಟು: ಕರಾರಿಗೆ ಸಹಿ ಹಾಕುವ ಮುನ್ನ, ಯಂತ್ರ ತೋರಿಸುವ ಪ್ರತಿಯೊಂದು ಭಾವಕ್ಕೂ ಅದರೊಳಗಿನ ಯಾವ ಸ್ಥಿತಿ ಕಾರಣ ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಕೊಡಲು ಒಪ್ಪದವರಿಂದ ಕೊಳ್ಳಬೇಡಿ.